ಪಿಟಿಒ ಶಾಫ್ಟ್‌ಗೆ ಕವರ್ ಇಲ್ಲದೆ ರೋಟವೇಟರ್ ಹೊಡೀಬೇಡಿ

ಹೋದ ವರ್ಷ ಮುಂಗಾರಿನ ಮೊದಲ ಹದ ಮಳೆಗೆ ದೊಡ್ಡಬಳ್ಳಾಪುರದ ಹತ್ತಿರ ನಮ್ಮ ರಾಗಿ ಹೊಲಕ್ಕೆ ರೋಟವೇಟರ್ ಹೊಡೀತಿದ್ವಿ. ಕಳೆ ಸುತ್ತಿಕೊಂಡಿದೆ ಅಂತ ತಮ್ಮ ಸೀಟಿನಿಂದ ಇಳಿದು ಹಿಂದೆ ಹೋದ. ಪಿಟಿಒ ತಿರುಗ್ತಾನೇ ಇತ್ತು. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವರ್ ಬಿರುಕು ಬಿಟ್ಟಿದೆ ಅಂತ ನಾನೇ ಬಿಚ್ಚಿ ಮೂಲೆಗೆ ಎಸೆದಿದ್ದೆ. ಲುಂಗಿ ಅಂಚು ಸಿಕ್ಕಿಕೊಂಡಿತು. ಹಳೇ ಬಟ್ಟೆ, ಪರ್ ಅಂತ ಹರೀತು. ತೊಡೆಗಾದ ಗಾಯದಲ್ಲೇ ಅವನು ಪಾರಾದ. ಗಟ್ಟಿ ಜೀನ್ಸ್ ಆಗಿದ್ರೆ ಕಾಲೇ ಹೋಗ್ತಿತ್ತು.

ಲೆಕ್ಕ ನೋಡಿ. ಪಿಟಿಒ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ 9. ಶಾಫ್ಟ್ 7 ಸೆಂ.ಮೀ. ದಪ್ಪ ಇದ್ರೆ ಒಂದು ಸೆಕೆಂಡಿನಲ್ಲಿ ಸುಮಾರು 2 ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತೆ. ಕೂಗೋಕೂ ಟೈಮ್ ಇರಲ್ಲ.

ಕವರ್ ಹೇಗೆ ಕೆಲಸ ಮಾಡುತ್ತೆ? ಒಂದರೊಳಗೊಂದು ಜಾರುವ ಎರಡು ಪ್ಲಾಸ್ಟಿಕ್ ಕೊಳವೆ, ಎರಡೂ ತುದಿಯಲ್ಲಿ ಜಾಯಿಂಟ್ ಮುಚ್ಚುವ ಗಂಟೆಯಾಕಾರದ ಬಾಯಿ. ರೋಟವೇಟರ್ ಎತ್ತಿ ಇಳಿಸುವಾಗ ಶಾಫ್ಟ್ ಉದ್ದ, ಓರೆ ಎರಡೂ ಬದಲಾಗುತ್ತೆ. ಅದಕ್ಕೇ ಈ ರಚನೆ. ಒಳಗಿನ ನೈಲಾನ್ ರಿಂಗ್ ಮೇಲೆ ಶಾಫ್ಟ್ ತಿರುಗುತ್ತೆ, ಚೈನ್ ಹಿಡಿದಿರೋದರಿಂದ ಕವರ್ ನಿಂತೇ ಇರುತ್ತೆ.

ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಇಷ್ಟು ನೋಡಿ:

1. ಚೈನ್ ಬಿಚ್ಚಿ ಕವರ್ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ರೆ ರಿಂಗ್‌ನ ಮಣ್ಣು ತೆಗೆದು ಗ್ರೀಸ್ ಹಚ್ಚಿ.

2. ಚೈನನ್ನು ತಿರುಗದ ಭಾಗಕ್ಕೆ ಸಿಕ್ಕಿಸಿ. ರೋಟವೇಟರ್ ಎತ್ತಿದಾಗ ಎಳೆಯದಷ್ಟು ಸಡಿಲ ಇರಲಿ. ಚೈನಿಗೆ ಶಾಫ್ಟ್ ನೇತು ಹಾಕಬೇಡಿ.

3. ಕವರ್ ಒಡೆದಿದ್ರೆ ತಂತಿ ಸುತ್ತಬೇಡಿ, ತಂತಿ ತುದಿಗೇ ಬಟ್ಟೆ ಸಿಕ್ಕಿಕೊಳ್ಳುತ್ತೆ. ಉದ್ದ ಅಳೆದು, ಮೊಬೈಲ್‌ನಲ್ಲಿ ಫೋಟೋ ತೆಗೆದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ತೋರಿಸಿ, ಹೊಸದು ತನ್ನಿ.

4. ಕ್ರಾಸ್ ಬೇರಿಂಗ್‌ನ ರಬ್ಬರ್ ಸೀಲ್ ಹರಿದಿದ್ರೆ ಧೂಳು ಒಳಗೆ ಹೋಗಿ ಬೇರಿಂಗ್ ಸವೆಯುತ್ತೆ. ಗ್ರೀಸ್ ಎಷ್ಟು ಗಂಟೆಗೊಮ್ಮೆ ಅಂತ ಕಂಪನಿ ಪುಸ್ತಕ ನೋಡಿ ಹೊಡೀರಿ. ಆಮೇಲೆ ಕವರ್ ವಾಪಸ್ ಹಾಕೋದು ಮರೀಬೇಡಿ.

5. ಟ್ರ್ಯಾಕ್ಟರ್ ಕಡೆ ಪಿಟಿಒ ಮೇಲಿರುವ ತಗಡಿನ ಕವಚ ಬಿಚ್ಚಬೇಡಿ.

ದೇವನಹಳ್ಳಿ ಕಡೆ ದ್ರಾಕ್ಷಿಗೆ ಪಿಟಿಒ ಸ್ಪ್ರೇಯರ್ ಹೊಡೆಯೋರಿಗೂ ಇದೇ ಮಾತು. ಕೃಷಿ ಯಂತ್ರಧಾರೆಯಿಂದ ಬಾಡಿಗೆಗೆ ತಂದ್ರೂ ಕೊಂಡಿ ಹಾಕೋ ಮುಂಚೆ ಕವರ್ ನೋಡಿ. ಕಳೆ ತೆಗೆಯೋಕೆ ಇಳಿಯೋ ಮೊದಲು ಪಿಟಿಒ, ಇಂಜಿನ್ ಎರಡೂ ಆಫ್ ಆಗಿರಲಿ. ಶಾಫ್ಟ್ ಪೂರ್ತಿ ನಿಲ್ಲೋವರೆಗೂ ಹತ್ತಿರ ಹೋಗಬೇಡಿ.

ನಮ್ಮ ಟ್ರ್ಯಾಕ್ಟರ್‌ಗೆ ಈಗ ಹೊಸ ಕವರ್ ಇದೆ. ತಮ್ಮ ಹೊಲಕ್ಕೆ ಲುಂಗಿ ಉಡೋದು ಬಿಟ್ಟಿದ್ದಾನೆ.