ಕೆಸರಿನ ಕರೆಯಲ್ಲಿ ಒಂದು ಮಳೆಯ ರಾತ್ರಿ

ಉಡುಪಿ ಸೀಮೆಯ ಶಂಕರಪುರವೆಂದೊಡನೆ ನಮ್ಮ ತಾಯಂದಿರಿಗೆ ನೆನಪಾಗುವುದು ಮಲ್ಲಿಗೆ. ನಸುಕಿನಲ್ಲಿಯೇ ಮೊಗ್ಗು ಕೊಯ್ದು, ಬಾಳೆಯ ನಾರಿನಿಂದ ಕಟ್ಟಿ, ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಎಣಿಸಿ ಮಾರುವ ಆ ಊರಿನ ಪದ್ಧತಿಯನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದ ಕೆಲವು ವರ್ಷಗಳ ಹಿಂದೆ ನಾನು ಅಲ್ಲಿನ ಪರಿಚಿತ ಕೃಷಿಕರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆ. ಆದರೆ ನಾನು ಅಲ್ಲಿಂದ ಹೊತ್ತು ತಂದದ್ದು ಹೂವಿನ ನೆನಪಿಗಿಂತ ಹೆಚ್ಚಾಗಿ ಕೆಸರಿನ ನೆನಪನ್ನು.

ಅಂದು ಶನಿವಾರ. ನಮ್ಮ ಆತಿಥೇಯರ ಜೋಡಿ ಕೋಣಗಳು ಸಮೀಪದ ಕಂಬಳಕ್ಕೆ ಹೊರಟಿದ್ದವು. ಮಣಿಪಾಲದಲ್ಲಿ ಓದುತ್ತಿದ್ದ ಅವರ ಕಿರಿಯ ಮಗ ನನ್ನನ್ನೂ ಕರೆದ. "ಇದು ನಮ್ಮ ಊರಿನ ಡ್ರ್ಯಾಗ್ ರೇಸ್ ಸ್ವಾಮಿ, ನೀವು ನೋಡಲೇಬೇಕು" ಎಂದ. ಆ ಪದದ ಅರ್ಥವನ್ನು ಅವನೇ ಬಿಡಿಸಿ ಹೇಳಿದ. ನೇರವಾದ ದಾರಿಯಲ್ಲಿ ಎರಡು ವಾಹನಗಳು ಪಕ್ಕಪಕ್ಕದಲ್ಲಿ ನಿಂತು, ಒಂದೇ ಸಂಜ್ಞೆಗೆ ಹೊರಟು, ಸುಮಾರು 402 ಮೀಟರು, ಎಂದರೆ ಕಾಲು ಮೈಲಿ ದೂರವನ್ನು ಯಾರು ಮೊದಲು ಮುಟ್ಟುವರೋ ಅವರೇ ಗೆದ್ದಂತೆ. ತಿರುವಿಲ್ಲ, ಸುತ್ತಿಲ್ಲ. ಮಳೆ ಬಂದರೆ ಮಾತ್ರ ಗಾಲಿಗೆ ಹಿಡಿತ ತಪ್ಪುವುದರಿಂದ ಪಂದ್ಯ ನಿಲ್ಲುತ್ತದೆ.

ಕಂಬಳದ ಕ್ರಮವೂ ಬಹುಮಟ್ಟಿಗೆ ಹೀಗೆಯೇ. ಅಕ್ಕಪಕ್ಕದ ಎರಡು ಕೆಸರಿನ ಓಟದ ಹಾದಿಗಳಿಗೆ ಜೋಡುಕರೆ ಎಂದು ಹೆಸರು. ಪ್ರತಿಯೊಂದು ಕರೆಗೂ ಪ್ರತ್ಯೇಕವಾದ ಹೆಸರುಂಟು. ಕಾರ್ಕಳದ ಮಿಯ್ಯಾರಿನಲ್ಲಿ ಲವ-ಕುಶ, ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ. ಕೋಣಗಳು ಹೊರಡುವ ಸ್ಥಾನ ಗಂತು, ಮುಟ್ಟುವ ಸ್ಥಾನ ಮಂಜೊಟ್ಟಿ. ನೇಗಿಲು ಮತ್ತು ಹಗ್ಗದ ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂಬ ಭೇದವಿದೆ. ಅಡ್ಡಹಲಗೆಯಲ್ಲಿ ಓಡಿಸುವವನು ಹಲಗೆಯ ಮೇಲೆಯೇ ನಿಲ್ಲುತ್ತಾನೆ. ಕನೆಹಲಗೆಯಲ್ಲಿ ವೇಗಕ್ಕಿಂತ ನೀರು ಚಿಮ್ಮುವ ಎತ್ತರವೇ ಮುಖ್ಯ. ಹಲಗೆಯ ರಂಧ್ರಗಳಿಂದ ಮೇಲೆದ್ದ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು.

ಓಡಿಸುವವರು ವೃತ್ತಿಯಿಂದ ಕ್ರೀಡಾಪಟುಗಳಲ್ಲ. ಹಗಲೆಲ್ಲ ಗದ್ದೆಯಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುವವರೇ ಬಹಳ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರು ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ, ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡೆಂದು ಲೆಕ್ಕಹಾಕಿ, ಉಸೇನ್ ಬೋಲ್ಟರ 9.58ರೊಡನೆ ಜಗತ್ತೇ ಹೋಲಿಸಿತು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ ಶೆಟ್ಟರು ಅದನ್ನೂ ಮೀರಿದರು. ಆದರೆ ಈ ಹೋಲಿಕೆ ಸಲ್ಲದು. ಬೋಲ್ಟರು ಒಂಟಿಯಾಗಿ ಓಡಿದರು. ಇಲ್ಲಿ ಮನುಷ್ಯನನ್ನು ಸೆಳೆದೊಯ್ಯುವುದು ಕೋಣಗಳ ಬಲ. ಶ್ರೀನಿವಾಸ ಗೌಡರೂ ಆ ಹೋಲಿಕೆಯನ್ನು ಒಪ್ಪದೆ ವಿನಯವನ್ನೇ ತೋರಿದರು. ದೊಡ್ಡವರ ಲಕ್ಷಣವೇ ಅದು.

ಇನ್ನು ಆ ರಾತ್ರಿಯ ಸಂಗತಿ. ಶನಿವಾರ ಆರಂಭವಾದ ಕಂಬಳ ಭಾನುವಾರವೂ ಮುಂದುವರಿಯುವುದು ವಾಡಿಕೆ. ನಡುರಾತ್ರಿ ಕಳೆದ ಮೇಲೆ ಅಕಾಲದ ಮಳೆ ಸುರಿಯತೊಡಗಿತು. ನೀರಿನಲ್ಲಿಯೇ ನಡೆಯುವ ಆಟಕ್ಕೆ ಮಳೆಯ ಭಯವೇನೆಂದು ನಾನು ಭಾವಿಸಿದ್ದೆ. ಬೆವರುಗ್ರಂಥಿಗಳು ಕಡಿಮೆಯಿರುವ ಕೋಣಕ್ಕೆ ನೀರು ಸುಖಕರವೇ ಸರಿ. ಆದರೆ ಮಂಜೊಟ್ಟಿಯ ಬಳಿ ಕರೆಯಿಂದ ಮೇಲೇರುವ ಇಳಿಜಾರು ತೊಯ್ದು ಜಾರತೊಡಗಿತ್ತು. ಪೂರ್ಣ ವೇಗದಲ್ಲಿ ಬಂದ ಒಂದು ಜೋಡಿಯ ಎಡಗೋಣ ಅಲ್ಲಿ ಮುಗ್ಗರಿಸಿ, ಮೊಣಕಾಲೂರಿ, ಹೇಗೋ ಎದ್ದು ನಿಂತಿತು. ನೆರೆದವರ ಗದ್ದಲ ಕ್ಷಣಕಾಲ ಅಡಗಿತು.

ನಮ್ಮ ಆತಿಥೇಯರ ಜೋಡಿ ಹಗ್ಗದ ಕಿರಿಯ ವಿಭಾಗದಲ್ಲಿ ಉಪಾಂತ್ಯಕ್ಕೆ ಬಂದಿತ್ತು. ಗೆದ್ದವರಿಗೆ ಪವನು ಲೆಕ್ಕದಲ್ಲಿ ಬಂಗಾರ. ಅದಕ್ಕೂ ಮಿಗಿಲಾಗಿ ಊರಿನಲ್ಲಿ ಹೆಸರು. ಅವರು ಕೊಡೆಯಿಲ್ಲದೆ ನಡೆದುಹೋಗಿ, ಆ ಇಳಿಜಾರನ್ನು ಬರಿಗಾಲಿನಿಂದ ಮೆಟ್ಟಿ ನೋಡಿ ಬಂದರು. ಕೋಣಗಳ ಕೊರಳಿನ ನೊಗವನ್ನು ಬಿಚ್ಚಿಸಿದರು.

"ಅಪ್ಪಾ, ಒಂದೇ ಒಂದು ಓಟ! ವರ್ಷವಿಡೀ ಸಾಕಿದ್ದು ಯಾಕೆ ಮತ್ತೆ?" ಎಂದು ಹಿರಿಯ ಮಗ ಕೂಗಿದ. ತಂದೆ ಅವನಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ, "ಕಂಬಳ ಇನ್ನೊಂದು ಉಂಟು ಸ್ವಾಮಿ, ಈ ಕೋಣ ಇನ್ನೊಂದು ಇಲ್ಲ" ಎಂದಷ್ಟೇ ಹೇಳಿ, ಒಣಬಟ್ಟೆಯಿಂದ ಅವುಗಳ ಮೈ ಒರೆಸತೊಡಗಿದರು. ಮಗ ಸಿಟ್ಟಿನಿಂದ ಸ್ವಲ್ಪ ಹೊತ್ತು ದೂರ ನಿಂತಿದ್ದ. ಅನಂತರ ತಾನೂ ಒಂದು ಬಟ್ಟೆ ಹಿಡಿದು ಇನ್ನೊಂದು ಕೋಣದ ಬಳಿ ಬಂದ. ಮಾತು ಮಾತ್ರ ಆಡಲಿಲ್ಲ.

ಬೆಳಗ್ಗೆ ಮನೆಗೆ ಬಂದಾಗ ಮಳೆಗೆ ಸಿಕ್ಕ ಮಲ್ಲಿಗೆಯ ಮೊಗ್ಗುಗಳು ಕಂದಿದ್ದವು. ಮನೆಯ ಯಜಮಾನಿ ಬುಟ್ಟಿಯನ್ನು ಬದಿಗಿಟ್ಟು, ಮೊದಲು ಕೇಳಿದ್ದು, "ಕೋಣಗಳು ಸರಿ ಉಂಟಲ್ಲ?" ಎಂದು. ಬಹುಮಾನದ ವಿಷಯವನ್ನು ಯಾರೂ ಎತ್ತಲಿಲ್ಲ.

ಕಂಬಳದ ಕುರಿತು ನಾಡಿನಲ್ಲಿ ದೀರ್ಘವಾದ ವಿವಾದ ನಡೆದದ್ದು ಓದುಗ ಬಂಧುಗಳಿಗೆ ತಿಳಿದೇ ಇದೆ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿಯ ಓಟಗಳ ವಿಷಯದಲ್ಲಿ ಕೊಟ್ಟ ತೀರ್ಪಿನ ಬಳಿಕ ಕಂಬಳಕ್ಕೂ ತಡೆಯುಂಟಾಯಿತು. 2017ರಲ್ಲಿ ನಮ್ಮ ರಾಜ್ಯವು ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿದು, ಅದರ ನಿಯಮಗಳು ಕಟ್ಟುನಿಟ್ಟಾಗಿ ಪಾಲನೆಯಾಗಬೇಕೆಂದೂ ವಿಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕೋಣಗಳು ಓಡಿದವು.

ಬೆತ್ತದ ಏಟುಗಳನ್ನು ಆ ರಾತ್ರಿ ನಾನೂ ಕಂಡೆ. ಅವು ನನ್ನ ಮನಸ್ಸನ್ನು ನೋಯಿಸಿದವು. ಸಂಪ್ರದಾಯವೆಂಬ ಒಂದೇ ಕಾರಣದಿಂದ ಯಾವ ನೋವೂ ನ್ಯಾಯವಾಗುವುದಿಲ್ಲ. ಹಾಗೆಯೇ, ಮಕ್ಕಳಂತೆ ಕೋಣಗಳನ್ನು ಸಾಕುವ ಮನೆಗಳ ಪ್ರೀತಿಯನ್ನು ಅರಿಯದೆ ಇಡೀ ಆಟವನ್ನೇ ಕ್ರೌರ್ಯವೆಂದು ಜರೆಯುವುದೂ ಸಲ್ಲದು. ನ್ಯಾಯಾಲಯ ನಿಯಮವನ್ನು ವಿಧಿಸಬಲ್ಲುದು. ಆದರೆ ನಡುರಾತ್ರಿಯ ಮಳೆಯಲ್ಲಿ, ಗೆಲುವು ಕೈಗೆಟಕುವಷ್ಟು ಸಮೀಪವಿದ್ದಾಗ, ನೊಗವನ್ನು ಬಿಚ್ಚುವ ಕೈ ಮನುಷ್ಯನದೇ ಆಗಿರಬೇಕು.

ಬರುವ ಋತುವಿನಲ್ಲಿ ಮಕ್ಕಳೊಡನೆ ಕರಾವಳಿಯತ್ತ ಹೋಗುವ ಸಂಸಾರಗಳು ಒಮ್ಮೆ ಕಂಬಳವನ್ನು ನೋಡಿಬರಲಿ. ಮಂಜೊಟ್ಟಿಯಲ್ಲಿ ಯಾರು ಮೊದಲು ಬಂದರೆಂಬುದನ್ನು ಮಕ್ಕಳು ತಾವಾಗಿಯೇ ನೋಡುತ್ತಾರೆ. ಓಟ ಮುಗಿದ ಮೇಲೆ ಕೋಣಗಳ ಮೈ ಒರೆಸುತ್ತಿರುವವರು ಯಾರು ಎಂಬುದನ್ನು ಮಾತ್ರ ಹಿರಿಯರು ಕೈ ತೋರಿಸಿ ಹೇಳಬೇಕು.