ತುಳುನಾಡಿಗೆ ಹೋಗುವವರಿಗೆ

ವೈಟ್‌ಫೀಲ್ಡಿನ ಕಡೆಯಿಂದ ವ್ಯಾಸಂಗಕ್ಕೂ ಉದ್ಯೋಗಕ್ಕೂ ಮಂಗಳೂರಿಗೆ ತೆರಳಿದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಅಲ್ಲಿಯ ಕನ್ನಡವನ್ನು ಕೇಳಿ ನಗುವರೆಂದು ತಿಳಿದು ವ್ಯಸನಪಡುತ್ತೇವೆ. ಅಲ್ಲಿ ಬಹುಮಂದಿಗೆ ಮನೆಮಾತು ತುಳು, (ಕೊಂಕಣಿ, ಬ್ಯಾರಿ ಭಾಷೆಗಳವರೂ ಉಂಟು.) ಕನ್ನಡವು ಅವರಿಗೆ ಶಾಲೆಯಲ್ಲಿ ಕಲಿತ ಭಾಷೆ. ಆದಕಾರಣ ಅವರ ನುಡಿಯು ಗ್ರಂಥಕ್ಕೆ ಸಮೀಪವಾಗಿರುವದು. ನಾವು "ಇದೆ" ಎನ್ನುವಲ್ಲಿ ಅವರು "ಉಂಟು" ಎನ್ನುವರು. ಇದು ಹಳೆಯ ಕನ್ನಡ ಶಬ್ದವೇ, ತುಳುವಿನಲ್ಲಿ "ಉಂಡು." "ನೀರ್ ಉಂಡು" ಎಂಬದನ್ನು ಕೇಳಿದ ಹೊಸಬಳು, ಉಂಡವರಾರೆಂದು ಬೆರಗಾಗಬೇಕಾಗಿಲ್ಲ, ನೀರಿದೆ ಎಂದಷ್ಟೇ ಅರ್ಥ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಎರಡು ಭಾಷೆಗಳನ್ನೂ ಶ್ರದ್ಧೆಯಿಂದ ಕಲಿತರು. ತುಳುವಿನ ಹೊಸ ಒಡಂಬಡಿಕೆಯು 1847ರಲ್ಲಿ ಕನ್ನಡ ಲಿಪಿಯಲ್ಲಿಯೇ ಹೊರಬಂತು. ಕನ್ನಡದ ಪ್ರಥಮ ಸಮಾಚಾರಪತ್ರಿಕೆಯು 1843ರಲ್ಲಿ ಹೊರಟದ್ದೂ ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾದದ್ದೂ ಅದೇ ಊರಿನಿಂದ. ನಗುವವರು ಇದನ್ನರಿಯರು.

ಹೋಗುವವರು ನಾಲ್ಕಾರು ತುಳು ಮಾತುಗಳನ್ನಾದರೂ ಕಲಿಯತಕ್ಕದ್ದು. ಕ್ಷೇಮ ವಿಚಾರಿಸುವಾಗ ಗೆಳತಿಗೆ "ಎಂಚ ಉಲ್ಲ?" ಎಂದರೆ ಸಾಕು, ಹಿರಿಯರಿಗೆ "ಎಂಚ ಉಲ್ಲರ್?" ಎಂದೇ ಹೇಳಬೇಕು. ಅವರು ನಿಮಗೋಸ್ಕರ ಒಡನೆ ಕನ್ನಡಕ್ಕೆ ತಿರುಗುವರು. ಆಗ, ತುಳುವಿನಲ್ಲಿಯೇ ಮಾತಾಡಿರೆಂದು ಬೇಡಿಕೊಳ್ಳಿರಿ. ಈವರೆಗೆ ಭಾಷೆ ಬದಲಿಸುವ ಶ್ರಮವನ್ನೆಲ್ಲ ಅವರೇ ವಹಿಸಿದ್ದಾರೆ.