ಲೋಹ ತೀರಿಸುವ ಮುಯ್ಯಿ

ನಿಕಲ್ ಕರಗಬೇಕಾದರೆ 1455 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಅದೇ ನಿಕಲ್ಲಿನ ಪುಡಿಯ ಮೇಲೆ ಇಂಗಾಲದ ಮಾನಾಕ್ಸೈಡ್ ಅನಿಲವನ್ನು ಹಾಯಿಸಿದರೆ, ಬರೀ 43 ಡಿಗ್ರಿಯಲ್ಲಿ ಕುದಿಯುವ, ಬಣ್ಣವಿಲ್ಲದ, ಘೋರ ವಿಷದ ದ್ರವವೊಂದು ಸಿಗುತ್ತದೆ. ಲಂಡನ್ನಿನಲ್ಲಿ ಲುಡ್ವಿಗ್ ಮಾಂಡ್ ಮತ್ತು ಸಂಗಡಿಗರು 1890ರಲ್ಲಿ ಇದನ್ನು ಪ್ರಕಟಿಸಿದಾಗ ರಸಾಯನಜ್ಞರು ಬೆರಗಾದರು. ಯಾವ ವಿದ್ಯುದಂಶವೂ ಇಲ್ಲದ ನಿಕಲ್ ಪರಮಾಣು ನಾಲ್ಕು ಮಾನಾಕ್ಸೈಡ್ ಅಣುಗಳನ್ನು ಹಿಡಿದಿಟ್ಟುಕೊಳ್ಳುವುದಾದರೂ ಹೇಗೆ?

ಇಲ್ಲಿರುವುದು ಕೊಡು-ಕೊಳ್ಳುವ ಸಂಬಂಧ. ಮಾನಾಕ್ಸೈಡ್ ಅಣು ತನ್ನ ಇಂಗಾಲದ ತುದಿಯ ಎಲೆಕ್ಟ್ರಾನ್ ಜೋಡಿಯನ್ನು ಲೋಹದತ್ತ ಚಾಚುತ್ತದೆ. ಲೋಹವೂ ಸುಮ್ಮನಿರದೆ, ತನ್ನ ಎಲೆಕ್ಟ್ರಾನುಗಳಲ್ಲಿ ಒಂದಷ್ಟನ್ನು ಆ ಅಣುವಿನ ಖಾಲಿ ನೆಲೆಗಳಿಗೆ ಹಿಂದಕ್ಕೆ ಕೊಡುತ್ತದೆ, ಮದುವೆಮನೆಯ ಮುಯ್ಯಿಯಂತೆ. ಆದರೆ ಆ ಖಾಲಿ ನೆಲೆಗಳ ಸ್ವಭಾವ ವಿಚಿತ್ರ. ಅಲ್ಲಿ ಎಲೆಕ್ಟ್ರಾನುಗಳು ಸೇರಿದಷ್ಟೂ ಇಂಗಾಲ-ಆಮ್ಲಜನಕಗಳ ನಡುವಿನ ಬಂಧ ಸಡಿಲವಾಗುತ್ತದೆ. ಮುಯ್ಯಿ ಹೆಚ್ಚಿದರೆ ಪಡೆದವರ ಮನೆಯೇ ಬಿರುಕು ಬಿಟ್ಟ ಹಾಗೆ!

ಈ ವ್ಯವಹಾರ ಕಣ್ಣಿಗೆ ಕಾಣದು. ಅದರ ಲೆಕ್ಕ ಹೇಳುವುದು ಅವಕೆಂಪು ಕಿರಣ. ಪರಮಾಣುಗಳ ನಡುವಿನ ಬಂಧ ಸದಾ ಹಿಗ್ಗುತ್ತ ಕುಗ್ಗುತ್ತ ಕಂಪಿಸುತ್ತಿರುತ್ತದೆ. ತನ್ನ ಕಂಪನಕ್ಕೆ ಹೊಂದುವ ಕಿರಣವನ್ನಷ್ಟೇ ಹೀರುತ್ತದೆ. ತಂಬೂರಿಯ ತಂತಿ ಸಡಿಲಿಸಿದರೆ ಶ್ರುತಿ ಇಳಿಯುವುದಿಲ್ಲವೆ? ಇದೂ ಹಾಗೆಯೇ. ಒಂಟಿ ಮಾನಾಕ್ಸೈಡ್ ಹೀರುವುದು ಸೆಂಟಿಮೀಟರಿಗೆ 2143 ಅಲೆಗಳಿರುವ ಕಿರಣವನ್ನು. ನಿಕಲ್ಲಿನ ಜೊತೆ ಸೇರಿದಾಗ ಅದು ಸುಮಾರು 2060ಕ್ಕೆ ಇಳಿಯುತ್ತದೆ. ನಿಕಲ್ಲಿನ ಜಾಗದಲ್ಲಿ ಕೋಬಾಲ್ಟನ್ನಿಟ್ಟು ಒಂದು ಋಣ ವಿದ್ಯುದಂಶ ಸೇರಿಸಿದರೆ ಸುಮಾರು 1890. ಕಬ್ಬಿಣವನ್ನಿಟ್ಟು ಎರಡು ಸೇರಿಸಿದರೆ 1790ರ ಆಸುಪಾಸು. ಮೂರರಲ್ಲೂ ಆಕಾರ ಒಂದೇ, ಒಟ್ಟು ಎಲೆಕ್ಟ್ರಾನುಗಳ ಸಂಖ್ಯೆಯೂ ಒಂದೇ. ಬದಲಾದದ್ದು ಲೋಹದ ಔದಾರ್ಯ: ನ್ಯೂಕ್ಲಿಯಸ್ಸಿನ ಸೆಳೆತ ಕಡಿಮೆಯಾದಂತೆ ಕೈ ಬಿಚ್ಚಿ ಕೊಡುತ್ತದೆ.

ಹಾಗೆಂದು ಪ್ರತಿಯೊಂದು ಅಂಕಿಯನ್ನೂ ಮುಯ್ಯಿಯ ಖಾತೆಗೇ ಬರೆಯುವುದು ಆತುರವಾದೀತು. ಧನ ವಿದ್ಯುದಂಶದ ಬೆಳ್ಳಿಗೆ ಮಾನಾಕ್ಸೈಡ್ ಅಂಟಿಕೊಂಡ ಕೆಲವು ಸಂಯುಕ್ತಗಳಲ್ಲಿ ಅಂಕಿ 2200ರ ಮಟ್ಟಕ್ಕೆ ಏರುತ್ತದೆ. ಬೆಳ್ಳಿ ಇಲ್ಲಿ ಹಿಂದಕ್ಕೆ ಕೊಡುವುದು ಇಲ್ಲವೆನ್ನುವಷ್ಟು ಕಡಿಮೆ. ಅದರ ವಿದ್ಯುದಂಶದ ಸೆಳೆತವೇ ಬಂಧವನ್ನು ಬಿಗಿಗೊಳಿಸುತ್ತದೆ.

ಈ ಕೊಡು-ಕೊಳ್ಳುವಿಕೆ ಪ್ರಯೋಗಶಾಲೆಗಷ್ಟೇ ಸೀಮಿತವಲ್ಲ. ಕದ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟು ಮಲಗಿದವರು ಬೆಳಗಾಗುವಷ್ಟರಲ್ಲಿ ಸತ್ತಿರುವುದುಂಟು. ರಕ್ತದ ಹಿಮೋಗ್ಲೋಬಿನ್ನಿನ ಕಬ್ಬಿಣ, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಒಲವಿನಿಂದ ಮಾನಾಕ್ಸೈಡನ್ನು ಹಿಡಿಯುತ್ತದೆ. ಅಂಥ ರಕ್ತಕ್ಕೆ ಅವಕೆಂಪು ಕಿರಣ ಹಾಯಿಸಿದರೆ 1951ರಲ್ಲಿ ಗುರುತು ಮೂಡುತ್ತದೆ. ಕಬ್ಬಿಣ ಅಲ್ಲಿಯೂ ಮುಯ್ಯಿ ತೀರಿಸಿರುತ್ತದೆ.